ಶೇಲ್ ಗ್ಯಾಸ್ ಲೆಕ್ಕ ತಾಳೆಯಾಗದಿದ್ದಾಗ ಎಲ್ಲಿ ಹುಡುಕಬೇಕು

ಶೇಲ್, ಅಂದರೆ ಕೆಸರು ಒತ್ತಿ ಗಟ್ಟಿಯಾದ ಪದರಗಲ್ಲು, ಅದರ ಲ್ಯಾಬ್ ರಿಪೋರ್ಟ್ ಬಂದಿದೆ. ಟಿಒಸಿ, ಅಂದರೆ ಕಲ್ಲಿನಲ್ಲಿರುವ ಒಟ್ಟು ಸಾವಯವ ಇಂಗಾಲ, ಶೇ. 4 ದಾಟಿದೆ. ಶೇ. 2 ಇದ್ದರೇ ಸಾಕು ಅನ್ನುವವರಿಗೆ ಇದು ಹಬ್ಬ. ಆದರೆ ಪಕ್ಕದ ಕಾಲಮ್ಮಿನಲ್ಲಿ ರಾಕ್-ಇವಾಲ್ ಎಸ್2, ಅಂದರೆ ಬಿಸಿ ಮಾಡಿದಾಗ ಕಲ್ಲು ಬಿಡುವ ಹೈಡ್ರೋಕಾರ್ಬನ್, ನೋಡಿದರೆ ಅಷ್ಟಕ್ಕಷ್ಟೆ. ಬಾವಿಗೆ ಉಪಕರಣ ಇಳಿಸಿ ಸಾಂದ್ರತೆ ಅಳೆದ ಡೆನ್ಸಿಟಿ ಲಾಗ್ ಶೇ. 13 ರಂಧ್ರತೆ ಅನ್ನುತ್ತದೆ, ಕೋರ್, ಅಂದರೆ ಬಾವಿಯಿಂದ ಕೊರೆದು ತೆಗೆದ ಕಲ್ಲಿನ ಕಂಬ, ಅದರಲ್ಲಿ ಅರ್ಧವೂ ಇಲ್ಲ ಅನ್ನುತ್ತದೆ. ಕೋರನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಅಳೆದ ಗ್ಯಾಸ್ ಒಂದು, ಸೂತ್ರದಿಂದ ಬಂದ ಗ್ಯಾಸ್ ಇನ್ನೊಂದು.

ಇಂಥ ಹೊತ್ತಲ್ಲಿ ಮೀಟಿಂಗಿನಲ್ಲಿ ಯಾರಾದರೊಬ್ಬರು "ಸರ್, ಶೇಲ್ ಅಂದ್ರೆ ಹಾಗೇ, ಮೀಟರಿಗೊಂದು ಥರ ಇರುತ್ತೆ" ಅಂದುಬಿಡುತ್ತಾರೆ. ಕಲ್ಲನ್ನು ದೂರುವುದು ಸುಲಭ, ಅದು ತಿರುಗಿ ಮಾತಾಡಲ್ಲ. ಶೇಲ್ ಬದಲಾಗುವುದು ನಿಜ. ಆದರೆ ಎರಡು ಅಳತೆಗಳು ಜಗಳಾಡುತ್ತಿವೆ ಅಂದರೆ ಹೆಚ್ಚಿನ ಸಲ ತಪ್ಪು ಇರುವುದು ಕಲ್ಲಿನಲ್ಲಲ್ಲ. ಸ್ಯಾಂಪಲ್ಲಿನಲ್ಲಿರುತ್ತದೆ, ಇಲ್ಲವೇ ಅಳೆದ ರೀತಿಯಲ್ಲಿರುತ್ತದೆ. ಹಾಗಾಗಿ ಹುಡುಕುವ ಕ್ರಮ ಹೀಗಿರಲಿ: ಮೊದಲು ಆಳ, ಆಮೇಲೆ ಸ್ಯಾಂಪಲ್, ಆಮೇಲೆ ಲ್ಯಾಬಿನ ವಿಧಾನ, ಆಮೇಲೆ ನಮ್ಮದೇ ಲೆಕ್ಕ. ಕಲ್ಲಿನ ಸರದಿ ಕೊನೆಗೆ.

ಇಲ್ಲಿ ಉದಾಹರಣೆಗೆ ಒಂದೇ ಜಾಗ ಇಟ್ಟುಕೊಳ್ಳೋಣ. ಪಶ್ಚಿಮ ಬಂಗಾಳದ ರಾಣಿಗಂಜ್ ಪ್ರದೇಶ, ದಾಮೋದರ್ ಕಣಿವೆ, ಪರ್ಮಿಯನ್ ಕಾಲದ ಬ್ಯಾರನ್ ಮೆಷರ್ಸ್ ಶೇಲ್. 2011ರ ಜನವರಿಯಲ್ಲಿ ಒಎನ್‌ಜಿಸಿ ದುರ್ಗಾಪುರದ ಹತ್ತಿರ ಸುಮಾರು 1,700 ಮೀಟರ್ ಆಳದಿಂದ ದೇಶದ ಮೊದಲ ಶೇಲ್ ಗ್ಯಾಸ್ ಹೊರತಂದದ್ದು ಇದೇ ಪದರದಿಂದ. ಅಮೆರಿಕದ ಶೇಲುಗಳಿಗೆ ಬರೆದ ಪುಸ್ತಕದ ಪಾಠ ಇಲ್ಲಿ ಎಲ್ಲೆಲ್ಲಿ ಕೈಕೊಡುತ್ತದೆ ಅನ್ನುವುದು ಬೇಗ ಕಾಣುತ್ತದೆ. ಮುಂದೆ ಲೆಕ್ಕಕ್ಕೆ ಕೊಟ್ಟಿರುವ ಅಂಕಿಗಳು ತಿಳಿಯಲಿ ಅಂತ ಮಾಡಿಕೊಂಡವು, ಯಾವುದೇ ಬಾವಿಯವಲ್ಲ.

ಎಲ್ಲಕ್ಕಿಂತ ಮೊದಲು: ಆಳ

ಡ್ರಿಲ್ಲರ್ ಹೇಳುವ ಆಳ ಪೈಪ್ ಎಣಿಸಿ ಬಂದದ್ದು. ಲಾಗಿನ ಆಳ ಕೇಬಲ್ ಅಳೆದು ಬಂದದ್ದು. ಎರಡೂ ಒಂದೇ ಆಗಿರುವುದು ಅಪರೂಪ, ಎರಡು ಮೂರು ಮೀಟರ್ ವ್ಯತ್ಯಾಸ ಮಾಮೂಲು. ಶೇಲಿನಲ್ಲಿ ಎರಡು ಮೀಟರ್ ಅಂದರೆ ಬೇರೆಯೇ ಪದರ. ಕೋರಿನ ಮೇಲೆ ಗಾಮಾ (ಕಲ್ಲಿನ ಸಹಜ ವಿಕಿರಣ ಅಳೆಯುವ ಉಪಕರಣ) ಓಡಿಸಿ, ಬಾವಿಯ ಗಾಮಾ ಲಾಗ್ ಪಕ್ಕ ಇಟ್ಟು, ಶಿಖರಕ್ಕೆ ಶಿಖರ ಕೂರುವವರೆಗೆ ಸರಿಸಿ. ಕೋರ್ ಪೂರ್ತಿ ಕೈಗೆ ಸಿಗದೆ ಮಧ್ಯೆ ಕಳೆದಿದ್ದರೆ ಒಂದೇ ಸಲ ಸರಿಸಿದರೆ ಸಾಲದು, ಮೇಲಿನ ತುಂಡಿಗೊಂದು ಕೆಳಗಿನ ತುಂಡಿಗೊಂದು ತಿದ್ದುಪಡಿ ಬೇಕು. ಇದನ್ನು ಮಾಡದೆ ಮುಂದಿನ ಯಾವ ಪರೀಕ್ಷೆಗೂ ಕೈ ಹಾಕಬೇಡಿ.

ಲಕ್ಷಣ: ಟಿಒಸಿ ಜಾಸ್ತಿ, ಎಸ್2 ಕಡಿಮೆ

ರಾಕ್-ಇವಾಲ್ ಯಂತ್ರದಲ್ಲಿ ಕಲ್ಲಿನ ಪುಡಿಯನ್ನು ಬಿಸಿ ಮಾಡುತ್ತಾರೆ. 300 ಡಿಗ್ರಿಯಲ್ಲೇ ಹೊರಬರುವ, ಆಗಲೇ ತಯಾರಾಗಿರುವ ಹೈಡ್ರೋಕಾರ್ಬನ್ ಎಸ್1. ಅಲ್ಲಿಂದ 650 ಡಿಗ್ರಿವರೆಗೆ ಏರಿಸುವಾಗ ಕೆರೋಜೆನ್, ಅಂದರೆ ಕಲ್ಲಿನಲ್ಲಿರುವ ಘನ ಸಾವಯವ ವಸ್ತು, ಒಡೆದು ಬರುವುದು ಎಸ್2. ಎಸ್2 ಅನ್ನು ಟಿಒಸಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಹೈಡ್ರೋಜನ್ ಸೂಚ್ಯಂಕ. ಟಿಒಸಿ ಶೇ. 4.5, ಎಸ್2 ಗ್ರಾಮಿಗೆ 3 ಮಿಲಿಗ್ರಾಂ ಅಂದರೆ ಸೂಚ್ಯಂಕ 67. ಇಷ್ಟು ಕಡಿಮೆ ಇರಲು ಪ್ರಾಮಾಣಿಕ ಕಾರಣ ಎರಡೇ. ಒಂದು, ಕೆರೋಜೆನ್ ಬೆಂದು ಮುಗಿದಿದೆ, ಕೊಡಬೇಕಾದ್ದನ್ನೆಲ್ಲ ಕೊಟ್ಟಾಗಿದೆ. ಎರಡು, ಅದು ಮೂಲದಲ್ಲೇ ಮರಮಟ್ಟು, ಎಲೆ ಕಡ್ಡಿಗಳಿಂದ ಬಂದದ್ದು, ಹೈಡ್ರೋಜನ್ ಮೊದಲೇ ಕಡಿಮೆ. ದಾಮೋದರ್ ಕಣಿವೆಯಲ್ಲಿ ಎರಡನೆಯದು ಸಹಜ, ಅದು ಕಲ್ಲಿದ್ದಲಿನ ನಾಡು. ಆದರೆ ಈ ಎರಡರಲ್ಲಿ ಒಂದನ್ನು ಆರಿಸುವ ಮೊದಲು ಮೂರು ಕಳ್ಳದಾರಿಗಳನ್ನು ಮುಚ್ಚಬೇಕು.

ಮೊದಲನೆಯದು ಸೈಡರೈಟ್. ಬ್ಯಾರನ್ ಮೆಷರ್ಸ್‌ಗೆ ರಾಣಿಗಂಜಿನಲ್ಲಿ ಹಳೆಯ ಹೆಸರೇ ಐರನ್‌ಸ್ಟೋನ್ ಶೇಲ್. ಶೇಲಿನ ನಡುನಡುವೆ ಕಬ್ಬಿಣದ ಕಾರ್ಬನೇಟ್ ಗಂಟುಗಳು, ತೆಳು ಪಟ್ಟೆಗಳು. ಕುಲ್ಟಿಯ ಹಳೆ ಕಬ್ಬಿಣದ ಕಾರ್ಖಾನೆಗೆ ಮೊದಮೊದಲು ಇಲ್ಲಿನ ಅದಿರೇ ಹೋಗುತ್ತಿತ್ತು. ಈಗ ಟಿಒಸಿ ಅಳೆಯುವ ರೀತಿ ನೋಡಿ. ಪುಡಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕಾರ್ಬನೇಟ್ ಕರಗಿಸುತ್ತಾರೆ, ತೊಳೆದು ಒಣಗಿಸುತ್ತಾರೆ, ಉಳಿದದ್ದನ್ನು ಸುಟ್ಟು ಬಂದ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಾರೆ. ಸುಣ್ಣದ ಕಲ್ಲಾದರೆ ತಣ್ಣನೆ ಆಮ್ಲಕ್ಕೇ ಬುಸಬುಸ ಅಂತ ನೊರೆ ಬಂದು ಖಾಲಿಯಾಗುತ್ತದೆ. ಸೈಡರೈಟ್ ಹಾಗಲ್ಲ, ತಣ್ಣನೆ ದುರ್ಬಲ ಆಮ್ಲಕ್ಕೆ ಜಪ್ಪಯ್ಯ ಅನ್ನಲ್ಲ. ನೊರೆ ನಿಂತಿತು, ಕೆಲಸ ಮುಗಿಯಿತು ಅಂತ ತೊಳೆದರೆ ಸೈಡರೈಟ್ ಅಲ್ಲೇ ಕೂತಿರುತ್ತದೆ. ಕುಲುಮೆಗೆ ಹೋದ ಮೇಲೆ ಒಡೆದು ಅದೂ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಯಂತ್ರಕ್ಕೆ ಅದು ಗಿಡದಿಂದ ಬಂದ ಇಂಗಾಲವೋ ಅದಿರಿನಿಂದ ಬಂದದ್ದೋ ಗೊತ್ತಾಗುವುದಿಲ್ಲ.

ಎಷ್ಟು ವ್ಯತ್ಯಾಸ ಆಗುತ್ತೆ? ಸೈಡರೈಟಿನ ತೂಕದಲ್ಲಿ ಇಂಗಾಲ ಶೇ. 10ಕ್ಕೆ ಸ್ವಲ್ಪ ಮೇಲೆ. ಕಲ್ಲಿನಲ್ಲಿ ಶೇ. 15 ಸೈಡರೈಟ್ ಇದ್ದು ಒಂದಿಷ್ಟೂ ಕರಗದಿದ್ದರೆ ಟಿಒಸಿಗೆ ಸುಮ್ನೆ 1.55 ಸೇರಿಕೊಂಡಿತು. ಮೇಲಿನ 4.5 ನಿಜಕ್ಕೂ 2.95. ಸೂಚ್ಯಂಕ 67ರಿಂದ 102ಕ್ಕೆ ಏರುತ್ತದೆ. ಬೆಂದು ಮುಗಿದ ಕಲ್ಲು ಅಂದುಕೊಂಡದ್ದು ಬೇರೆಯೇ ಕಥೆ ಹೇಳತೊಡಗುತ್ತದೆ.

ಇದನ್ನು ಹಿಡಿಯಲು ಹೊಸ ಖರ್ಚು ಬೇಕಿಲ್ಲ. ಟಿಒಸಿಯನ್ನು ಡೆನ್ಸಿಟಿ ಲಾಗಿನ ಎದುರು ಹಾಕಿ ಒಂದು ಚಿತ್ರ ಬರೆಯಿರಿ. ಸಾವಯವ ವಸ್ತು ಹಗುರ, ಘನ ಸೆಂಟಿಮೀಟರಿಗೆ 1.1ರಿಂದ 1.4 ಗ್ರಾಂ. ಆದ್ದರಿಂದ ಟಿಒಸಿ ಏರಿದಂತೆ ಸಾಂದ್ರತೆ ಇಳಿಯಬೇಕು. ಸೈಡರೈಟ್ ಸುಮಾರು 3.96, ಭಾರಿ ಭಾರ. ಟಿಒಸಿ ಜಾಸ್ತಿ ಇರುವ ಜಾಗದಲ್ಲೇ ಕಲ್ಲೂ ಭಾರ ಆಗಿದ್ದರೆ ಅಲ್ಲಿ ಇಂಗಾಲ ಅಲ್ಲ, ಅದಿರಿದೆ. ಮಡ್‌ನಲ್ಲಿ, ಅಂದರೆ ಕೊರೆಯುವಾಗ ಬಾವಿಯಲ್ಲಿ ಓಡಿಸುವ ಕೆಸರು ದ್ರವದಲ್ಲಿ, ಬೆರೈಟ್ ಅನ್ನುವ ಭಾರದ ಖನಿಜ ಇಲ್ಲದಿದ್ದರೆ, ಕಬ್ಬಿಣದಂಥ ಭಾರದ ಧಾತುಗಳಿಗೆ ಏರುವ ಫೋಟೋಎಲೆಕ್ಟ್ರಿಕ್ ಕರ್ವ್ ಕೂಡ ಅಲ್ಲೇ ಮೇಲೇರಿ ಸಾಕ್ಷಿ ಹೇಳುತ್ತದೆ. ಎಸ್3, ಅಂದರೆ ರಾಕ್-ಇವಾಲ್ ಅಳೆಯುವ ಕಾರ್ಬನ್ ಡೈಆಕ್ಸೈಡ್, ಕಾರಣವಿಲ್ಲದೆ ಏರಿದ್ದರೆ ಅದೂ ಇದೇ ಕಡೆ ಬೆರಳು ತೋರಿಸುತ್ತದೆ. ಕೊನೆಗೆ ಎಕ್ಸ್-ಕಿರಣದಿಂದ ಖನಿಜ ಗುರುತಿಸುವ ಎಕ್ಸ್‌ಆರ್‌ಡಿ ಮಾಡಿಸಿ ಸೈಡರೈಟ್ ಪ್ರಮಾಣ ಖಚಿತ ಮಾಡಿಕೊಳ್ಳಿ.

ಪರಿಹಾರ: ನುಣ್ಣಗೆ ಪುಡಿ ಮಾಡಿ, ಬಿಸಿ ಆಮ್ಲದಲ್ಲಿ ಗಂಟೆಗಟ್ಟಲೆ ಇಟ್ಟು, ನೊರೆ ಪೂರ್ತಿ ನಿಂತ ಮೇಲೆ ಮತ್ತೆ ಟಿಒಸಿ ಅಳೆಯಲು ಹೇಳಿ. ಒಂದು ಎಚ್ಚರಿಕೆ. ಬಿಸಿ ಆಮ್ಲದಲ್ಲಿ ಸಾವಯವ ವಸ್ತುವೂ ಸ್ವಲ್ಪ ಕರಗಿ ತೊಳೆದ ನೀರಿನ ಜತೆ ಹೋಗಬಹುದು. ಹಾಗಾಗಿ ಸೈಡರೈಟ್ ಇಲ್ಲದ ಒಂದು ಸ್ಯಾಂಪಲ್ಲನ್ನೂ ಎರಡೂ ರೀತಿಯಲ್ಲಿ ಅಳೆಸಿ. ಅದರಲ್ಲಿ ಎಷ್ಟು ಇಳಿಯುತ್ತದೋ ಅದು ಆಮ್ಲದ ಪಾಲು.

ಎರಡನೆಯ ಕಳ್ಳದಾರಿ ಮೇಲಿಂದ ಉದುರಿದ ಕಲ್ಲಿದ್ದಲು. ಬ್ಯಾರನ್ ಮೆಷರ್ಸ್‌ನ ಮೇಲೆ ರಾಣಿಗಂಜ್ ಪದರ, ಕೆಳಗೆ ಬರಾಕರ್, ಎರಡರಲ್ಲೂ ಕಲ್ಲಿದ್ದಲು. ಕೋರ್ ಇಲ್ಲದೆ ಕಟಿಂಗ್ಸ್ ಮೇಲೆ, ಅಂದರೆ ಮಡ್ ಜತೆ ಮೇಲೆ ಬರುವ ಚೂರುಗಳ ಮೇಲೆ, ಟಿಒಸಿ ಮಾಡಿಸಿದ್ದರೆ ಮೇಲಿನ ಪದರದ ಇದ್ದಿಲು ಚೂರು ಬೆರೆತಿರುವ ಸಾಧ್ಯತೆ ದೊಡ್ಡದು. ನೂರು ಚೂರಿನ ತೂಕದಲ್ಲಿ ಐದು ಪಾಲು ಇದ್ದಿಲು, ಅದರಲ್ಲಿ ಶೇ. 70 ಇಂಗಾಲ ಅಂತಿಟ್ಟುಕೊಂಡರೆ ಅಷ್ಟರಿಂದಲೇ ಟಿಒಸಿಗೆ 3.5 ಬಂತು. ಸೂಕ್ಷ್ಮದರ್ಶಕದ ಕೆಳಗೆ ಹೊಳೆಯುವ ಕಪ್ಪು ಚೂರು ಕಂಡರೆ ಲಾಗ್ ನೋಡಿ. ಆ ಆಳದಲ್ಲಿ ಸಾಂದ್ರತೆ ಧಡಕ್ಕನೆ ಬಿದ್ದಿಲ್ಲ, ಮೇಲೆಲ್ಲೋ ಕ್ಯಾಲಿಪರ್ ಬಾವಿ ಅಗಲವಾಗಿದೆ ಅಂತ ತೋರಿಸುತ್ತಿದೆ ಅಂದರೆ ಅದು ಉದುರಿದ್ದು. ಭಾರದ ದ್ರವದಲ್ಲಿ ಹಾಕಿ, ತೇಲಿದ್ದನ್ನು ತೆಗೆದು, ಮುಳುಗಿದ ಶೇಲನ್ನು ಮಾತ್ರ ಮತ್ತೆ ಕಳಿಸಿ.

ಮೂರನೆಯದು ಮಡ್. ಲಿಗ್ನೈಟ್, ಗಿಲ್ಸೊನೈಟ್, ಸೋರಿಕೆ ತಡೆಯಲು ಹಾಕುವ ಕಾಯಿಚಿಪ್ಪಿನ ಪುಡಿ, ಎಣ್ಣೆ ಮೂಲದ ಮಡ್, ಇವೆಲ್ಲ ಇಂಗಾಲವೇ ಅಲ್ವಾ. ಎಣ್ಣೆ ಮಡ್ ಆದರೆ ಎಸ್1 ಉಬ್ಬುತ್ತದೆ. ದಿನದ ಮಡ್ ರಿಪೋರ್ಟ್ ತೆಗೆದು ಏನೇನು ಹಾಕಿದ್ದರು ನೋಡುವುದು ಐದು ನಿಮಿಷದ ಕೆಲಸ. ಆದರೂ ಯಾರೂ ನೋಡುವುದಿಲ್ಲ.

ಲಕ್ಷಣ: ಪಕ್ವತೆ ಒಂದೊಂದು ಅಳತೆಯಲ್ಲಿ ಒಂದೊಂದು

ಪಕ್ವತೆ ಅಂದರೆ ಕೆರೋಜೆನ್ ಎಷ್ಟು ಬೆಂದಿದೆ ಅನ್ನುವುದು. ಟಿಮ್ಯಾಕ್ಸ್ ಅಂದರೆ ಎಸ್2 ಶಿಖರ ಮುಟ್ಟುವ ಉಷ್ಣಾಂಶ. 435ರ ಹತ್ತಿರ ಎಣ್ಣೆ ಹುಟ್ಟಲು ಶುರು, 470ರ ಮೇಲೆ ಗ್ಯಾಸ್. ವಿಟ್ರಿನೈಟ್ ಪ್ರತಿಫಲನದಲ್ಲಿ, ಅಂದರೆ ಮರದ ಅಂಶದಿಂದಾದ ಕಣಗಳು ಶೇಕಡಾ ಎಷ್ಟು ಬೆಳಕು ಮರಳಿಸುತ್ತವೆ ಅನ್ನುವುದರಲ್ಲಿ ಹೇಳುವುದಾದರೆ 0.6ರಿಂದ ಎಣ್ಣೆ, 1.3-1.4 ದಾಟಿದರೆ ಒಣ ಗ್ಯಾಸಿನ ಕಡೆ. ಇವೆರಡೂ ಕೂಡದಿದ್ದರೆ ಮೊದಲು ಎಸ್2 ಎಷ್ಟಿದೆ ನೋಡಿ. 0.2ಕ್ಕಿಂತ ಕಡಿಮೆ ಇದ್ದರೆ ಟಿಮ್ಯಾಕ್ಸ್ ಅನ್ನುವುದು ಚಪ್ಪಟೆ ಗುಡ್ಡದ ತುದಿ ಹುಡುಕಿದ ಹಾಗೆ, ಯಂತ್ರ ಏನೋ ಒಂದು ಅಂಕಿ ಕೊಟ್ಟಿರುತ್ತದೆ. ಅದನ್ನು ಬಿಟ್ಟುಬಿಡಿ. ಲ್ಯಾಬಿನಿಂದ ಅಂಕಿ ಮಾತ್ರ ತರಿಸದೆ ಕರ್ವ್ ಕೂಡ ತರಿಸಿ. ಎರಡು ಡುಬ್ಬ ಕಂಡರೆ ಮಡ್ ಅಥವಾ ಬಿಟುಮೆನ್ (ಕಲ್ಲೊಳಗಿನ ಡಾಂಬರಿನಂಥ ವಸ್ತು) ಬೆರೆತಿದೆ.

ಟಿಮ್ಯಾಕ್ಸಿನಿಂದ ಪ್ರತಿಫಲನ ಲೆಕ್ಕ ಹಾಕುವ ಸೂತ್ರ ಒಂದಿದೆ: 0.018ರಿಂದ ಗುಣಿಸಿ 7.16 ಕಳೆಯಿರಿ. 465 ಡಿಗ್ರಿಗೆ 1.21 ಬರುತ್ತದೆ. ಟೆಕ್ಸಸ್ಸಿನ ಬಾರ್ನೆಟ್ ಶೇಲಿನ ಅಳತೆಗಳಿಂದ ಹುಟ್ಟಿದ್ದು ಅದು. ಸಾಫ್ಟ್‌ವೇರ್ ಯಾವ ದೇಶದ ಕಲ್ಲಿಗೂ ಮರುಮಾತಿಲ್ಲದೆ ಹಚ್ಚುತ್ತದೆ. ಸ್ಥಳೀಯವಾಗಿ ಅಳೆದ ಪ್ರತಿಫಲನದ ಜತೆ ತಾಳೆ ನೋಡದೆ ನಂಬಬೇಡಿ.

ರಾಣಿಗಂಜಿನಲ್ಲಿ ಇನ್ನೊಂದು ತೊಡಕು. ಡಾಲರೈಟ್ ಮತ್ತು ಲ್ಯಾಂಪ್ರೊಫೈರ್ ಡೈಕುಗಳು, ಅಂದರೆ ಶಿಲಾರಸ ಗಟ್ಟಿಯಾಗಿ ಆದ ಕಲ್ಲಿನ ಗೋಡೆಗಳು, ಪದರಗಳನ್ನು ಸೀಳಿಕೊಂಡು ಮೇಲೆದ್ದಿವೆ. ಅವುಗಳ ಪಕ್ಕದ ಶೇಲ್ ಆ ಬಿಸಿಗೆ ಬೆಂದಿರುತ್ತದೆ, ಡೈಕಿನ ದಪ್ಪದ ಒಂದೆರಡು ಪಟ್ಟು ದೂರದವರೆಗೆ. ಒಂದೇ ಸ್ಯಾಂಪಲ್ಲಿನಲ್ಲಿ ಪ್ರತಿಫಲನ ಎಗರಿ ಕೂತಿದ್ದರೆ ಅದನ್ನು ಇಡೀ ಪ್ರದೇಶದ ಪಕ್ವತೆ ಅಂತ ನಕ್ಷೆಗೆ ಏರಿಸಬೇಡಿ. ಮೇಲೆ ಕೆಳಗೆ ಇನ್ನೆರಡು ಸ್ಯಾಂಪಲ್ ತೆಗೆದು ನೋಡಿ. ಆಳಕ್ಕೆ ತಕ್ಕಂತೆ ನಿಧಾನವಾಗಿ ಏರಿದರೆ ಅದು ಹೂತ ಆಳದ ಬಿಸಿ. ಒಂದು ಕಡೆ ಮಾತ್ರ ಮೊಳೆ ಹೊಡೆದ ಹಾಗೆ ಎದ್ದರೆ ಡೈಕ್. ಜತೆಗೆ ಸರಾಸರಿ ಒಂದನ್ನೇ ಓದದೆ ಹಿಸ್ಟೋಗ್ರಾಂ ಕೇಳಿ. ಉದುರಿದ ಕಲ್ಲಿದ್ದಲು ಕಡಿಮೆ ಅಂಕಿಯ ಗುಂಪು ಮಾಡಿರುತ್ತದೆ, ಹಳೆ ಕಲ್ಲಿನಿಂದ ಕೊಚ್ಚಿ ಬಂದ ಕಣಗಳು ಜಾಸ್ತಿ ಅಂಕಿಯ ಗುಂಪು ಮಾಡಿರುತ್ತವೆ. ಎರಡರ ಸರಾಸರಿ ಯಾವ ಕಲ್ಲಿಗೂ ಸೇರಿದ್ದಲ್ಲ.

"ನಮ್ಮ ಬಾಗಲಕೋಟೆ ಕಡೆಯೂ ಶೇಲ್ ಇದೆಯಲ್ಲ ಸರ್, ಕಲಬುರಗಿ ಕಡೆಯೂ ಇದೆಯಲ್ಲ" ಅಂತ ಕನ್ನಡದ ಹುಡುಗರು ಕೇಳುತ್ತಿರುತ್ತಾರೆ. ಇದೆ. ಆದರೆ ಕಲಾದಗಿ ಮತ್ತು ಭೀಮಾ ಜಲಾನಯನಗಳು ಪ್ರೊಟೆರೊಜೊಯಿಕ್ ಕಾಲದವು, ಭೂಮಿಯ ಮೇಲೆ ಮರಗಿಡ ಹುಟ್ಟುವ ಎಷ್ಟೋ ಮೊದಲಿನವು. ವಿಟ್ರಿನೈಟ್ ಆಗುವುದು ಮರದ ಅಂಶದಿಂದ. ಆ ಕಲ್ಲುಗಳ ರಿಪೋರ್ಟಿನಲ್ಲಿ ವಿಟ್ರಿನೈಟ್ ಪ್ರತಿಫಲನ ಅಂತ ಅಂಕಿ ಕಂಡರೆ, ಅಳೆದದ್ದು ಬಿಟುಮೆನ್ ಇರಬೇಕು, ಇಲ್ಲ ಬೇರೇನೋ ಇರಬೇಕು. ಬಿಟುಮೆನ್ ಆದರೆ ಅದನ್ನು 0.618ರಿಂದ ಗುಣಿಸಿ 0.4 ಸೇರಿಸಿ ಸಮಾನ ಅಂಕಿಗೆ ತರುವ ರೂಢಿ ಇದೆ. ಬಿಟುಮೆನ್ ಅಂತ ಹೆಸರಿಟ್ಟು ಹೇಳಿದ್ದರೆ ಒಪ್ಪಬಹುದು.

ಲಕ್ಷಣ: ಲಾಗಿನ ರಂಧ್ರತೆ ಕೋರಿನ ಎರಡು ಮೂರು ಪಟ್ಟು

ಇದು ಮುಕ್ಕಾಲು ಪಾಲು ಲೆಕ್ಕದ ತಪ್ಪು. ಡೆನ್ಸಿಟಿ ಲಾಗಿಗೆ ಹಗುರ ಅಂದರೆ ರಂಧ್ರ. ಅದಕ್ಕೆ ಕೆರೋಜೆನ್ ಗೊತ್ತಿಲ್ಲ.

ಕಲ್ಲಿನ ಸಾಂದ್ರತೆ 2.45 ಅಂತಿಟ್ಟುಕೊಳ್ಳಿ. ಖನಿಜದ ಸಾಂದ್ರತೆ 2.68, ದ್ರವದ್ದು ಸರಳವಾಗಿ 1.0. ಮಾಮೂಲಿ ಸೂತ್ರದಲ್ಲಿ ರಂಧ್ರತೆ ಶೇ. 13.7. ಈಗ ಇದೇ ಕಲ್ಲಿನಲ್ಲಿ ಟಿಒಸಿ ಶೇ. 5 ಇದೆ ಅನ್ನಿ. ಕೆರೋಜೆನ್ನಿನ ಶೇ. 80 ಇಂಗಾಲ ಅಂದರೆ ತೂಕದಲ್ಲಿ ಶೇ. 6.25 ಕೆರೋಜೆನ್. ಅದರ ಸಾಂದ್ರತೆ 1.25 ಆದ್ದರಿಂದ ಗಟ್ಟಿ ಭಾಗದ ಗಾತ್ರದಲ್ಲಿ ಶೇ. 12.5 ಅದೇ ತುಂಬಿಕೊಂಡಿದೆ. ಕೆರೋಜೆನ್ ಸೇರಿಸಿ ಗಟ್ಟಿ ಭಾಗದ ಸಾಂದ್ರತೆ ಲೆಕ್ಕ ಹಾಕಿದರೆ 2.50. ರಂಧ್ರತೆ ಶೇ. 3.4ಕ್ಕೆ ಇಳಿಯಿತು.

ಇಲ್ಲಿಗೆ ನಿಲ್ಲಿಸಿ ಸಮಾಧಾನ ಪಡುವವರು ಐರನ್‌ಸ್ಟೋನ್ ಶೇಲಿನಲ್ಲಿ ಇನ್ನೊಂದು ಹಳ್ಳಕ್ಕೆ ಬೀಳುತ್ತಾರೆ. ಅದೇ ಕಲ್ಲಿನಲ್ಲಿ ಶೇ. 10 ಸೈಡರೈಟೂ ಇದ್ದರೆ ಗಟ್ಟಿ ಭಾಗದ ಸಾಂದ್ರತೆ 2.58, ರಂಧ್ರತೆ ಶೇ. 8.2. ಒಂದೇ ಲಾಗಿನ ಒಂದೇ ಅಂಕಿಯಿಂದ 13.7, 3.4, 8.2, ಮೂರು ಉತ್ತರ. ಯಾವುದು ಸರಿ ಅಂತ ಹೇಳುವುದು ಲಾಗಲ್ಲ, ಎಕ್ಸ್‌ಆರ್‌ಡಿ ಮತ್ತು ಸರಿಯಾದ ಟಿಒಸಿ. ಮೊದಲ ಲಕ್ಷಣವನ್ನು ಬಗೆಹರಿಸದೆ ಇಲ್ಲಿಗೆ ಬಂದರೆ ತಪ್ಪು ಟಿಒಸಿ ಈ ಲೆಕ್ಕವನ್ನೂ ಕೆಡಿಸುತ್ತದೆ. ಅದಿರನ್ನು ಕೆರೋಜೆನ್ ಅಂತ ಓದಿ ಗಟ್ಟಿ ಭಾಗವನ್ನು ಇಲ್ಲದಷ್ಟು ಹಗುರ ಮಾಡಿಬಿಡುತ್ತದೆ.

ಕೋರ್ ಕಡೆಯಲ್ಲೂ ಪ್ರಶ್ನೆ ಕೇಳಬೇಕು. ಕಲ್ಲನ್ನು ಪುಡಿಮಾಡಿ ಹೀಲಿಯಂನಿಂದ ರಂಧ್ರತೆ ಅಳೆಯುವ ವಿಧಾನ ಈಗ ರೂಢಿ. ಎರಡು ಲ್ಯಾಬಿನ ಉತ್ತರ ಬೇರೆ ಬಂದರೆ, ಒಣಗಿಸಿದ ರೀತಿ ಕೇಳಿ. ಎಷ್ಟು ಡಿಗ್ರಿ, ಎಷ್ಟು ಹೊತ್ತು? ಜೇಡಿ ಖನಿಜಗಳಿಗೆ ಅಂಟಿಕೊಂಡ ನೀರನ್ನು ಒಬ್ಬರು ಓಡಿಸಿರುತ್ತಾರೆ, ಇನ್ನೊಬ್ಬರು ಉಳಿಸಿರುತ್ತಾರೆ. ಹೋದ ನೀರಿನ ಜಾಗವೂ ರಂಧ್ರ ಅಂತ ಲೆಕ್ಕಕ್ಕೆ ಬರುತ್ತದೆ. ಬಂದ ಸ್ಥಿತಿಯಲ್ಲೇ ಅಳೆದದ್ದೋ ಒಣಗಿಸಿ ಅಳೆದದ್ದೋ ಅನ್ನುವುದು ಕಾಲಮ್ಮಿನ ತಲೆಯ ಮೇಲೆ ಬರೆದಿಲ್ಲದ ರಿಪೋರ್ಟನ್ನು ವಾಪಸ್ ಕಳಿಸಬೇಕು.

ಲಕ್ಷಣ: ಡಬ್ಬಿಯ ಗ್ಯಾಸ್ ಮತ್ತು ಸೂತ್ರದ ಗ್ಯಾಸ್ ಕೂಡುತ್ತಿಲ್ಲ

ಅತಿ ಹೆಚ್ಚು ಜಗಳ ಇಲ್ಲೇ. ಎರಡೂ ಕಡೆ ತಪ್ಪಿರಲು ಜಾಗ ಇದೆ.

ಡಬ್ಬಿಯಿಂದ ಶುರು ಮಾಡೋಣ. ಕೋರ್ ಮೇಲೆ ಬಂದ ಕೂಡಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಆಳದಲ್ಲಿದ್ದಷ್ಟೇ ಬಿಸಿಯ ನೀರಿನಲ್ಲಿಟ್ಟು, ಹೊರಬರುವ ಗ್ಯಾಸ್ ಅಳೆಯುತ್ತಾರೆ. ಕೊನೆಗೆ ಕಲ್ಲನ್ನು ಪುಡಿಮಾಡಿ ಉಳಿದದ್ದನ್ನೂ ಅಳೆಯುತ್ತಾರೆ. ಡಬ್ಬಿಗೆ ಹಾಕುವ ಮೊದಲೇ ದಾರಿಯಲ್ಲಿ ಹೋದದ್ದನ್ನು ಮಾತ್ರ ಅಳೆಯಲು ಆಗಲ್ಲ, ಅಂದಾಜು ಮಾಡಬೇಕು. ಸಮಯದ ವರ್ಗಮೂಲದ ಎದುರು ಗ್ಯಾಸ್ ಹಾಕಿ, ಮೊದಲ ಬಿಂದುಗಳ ಮೂಲಕ ಗೆರೆ ಎಳೆದು, ಸೊನ್ನೆ ಸಮಯಕ್ಕೆ ಹಿಂದಕ್ಕೆ ಒಯ್ಯುತ್ತಾರೆ. ಅಮೆರಿಕದ ಗಣಿ ಬ್ಯೂರೋ ಕಲ್ಲಿದ್ದಲಿಗಾಗಿ ರೂಪಿಸಿದ ವಿಧಾನ ಇದು. ಕಲ್ಲಿದ್ದಲಿನಲ್ಲಿ ಗ್ಯಾಸ್ ಹೆಚ್ಚಾಗಿ ಮೈಗೆ ಅಂಟಿಕೊಂಡಿರುತ್ತದೆ, ನಿಧಾನ ಬಿಡುತ್ತದೆ. ಶೇಲಿನಲ್ಲಿ ದೊಡ್ಡ ಪಾಲು ರಂಧ್ರಗಳಲ್ಲಿ ಸ್ವತಂತ್ರವಾಗಿರುತ್ತದೆ, ಒತ್ತಡ ಇಳಿದ ಕೂಡಲೆ ಓಡಿಹೋಗುತ್ತದೆ. ಹೀಗಾಗಿ ಶೇಲಿನಲ್ಲಿ ಅಳೆದದ್ದಕ್ಕಿಂತ ಅಂದಾಜಿನ ಪಾಲೇ ದೊಡ್ಡದಾಗುವುದುಂಟು. ರಿಪೋರ್ಟಿನಲ್ಲಿ ಕಳೆದ ಗ್ಯಾಸಿನ ಪಾಲು ಒಟ್ಟಿನಲ್ಲಿ ಅರ್ಧ ದಾಟಿದ್ದರೆ ಆ ಅಂಕಿಯನ್ನು ಅಳತೆ ಅಂತ ಕರೆಯಬೇಡಿ.

ಸೊನ್ನೆ ಸಮಯ ಯಾವುದು ಅಂತ ನೋಡಿ. ನೀರಿನ ಮಡ್ ಇದ್ದರೆ ಕೋರ್ ಅರ್ಧ ದಾರಿ ಮೇಲೆ ಬಂದ ಹೊತ್ತು, ಗಾಳಿಯಿಂದ ಕೊರೆದದ್ದಾದರೆ ಕೋರ್ ಕತ್ತರಿಸಿದ ಹೊತ್ತು. ಇದನ್ನು ಅದಲು ಬದಲು ಮಾಡಿದರೆ ಕಳೆದ ಗ್ಯಾಸ್ ಅಂದಾಜು ಅಲ್ಲಾಡಿಹೋಗುತ್ತದೆ. ರಿಗ್ಗಿನ ದಿನಚರಿಯಲ್ಲಿ ಕೋರ್ ಎತ್ತಲು ಶುರು ಮಾಡಿದ ಸಮಯ, ಮೇಲೆ ಬಂದ ಸಮಯ, ಡಬ್ಬಿ ಮುಚ್ಚಿದ ಸಮಯ ಇರುತ್ತವೆ. ಲ್ಯಾಬ್ ಹಾಳೆಯ ಜತೆ ಹೋಲಿಸಿ.

ಮುಂದಿನದು ಸಣ್ಣದು, ಆದರೆ ಕಣ್ಣಿಗೆ ಬೀಳದ್ದು. ಕೋರ್ ಹಾಕಿದ ಮೇಲೂ ಡಬ್ಬಿಯಲ್ಲಿ ಖಾಲಿ ಜಾಗ ಉಳಿಯುತ್ತದೆ, ಅಲ್ಲಿ ಗಾಳಿ ಇರುತ್ತದೆ. ಒಂದು ಲೀಟರ್ ಗಾಳಿ ಅನ್ನಿ. 30 ಡಿಗ್ರಿಯಲ್ಲಿ ಮುಚ್ಚಿದ ಡಬ್ಬಿಯನ್ನು 60 ಡಿಗ್ರಿ ನೀರಿಗೆ ಇಳಿಸಿದಾಗ ಆ ಗಾಳಿ ಶೇ. 10 ಹಿಗ್ಗುತ್ತದೆ. 100 ಮಿಲಿಲೀಟರ್ ಗಾಳಿ ಅಳತೆ ಕೊಳವೆಗೆ ಬಂದು ಗ್ಯಾಸ್ ಅಂತ ದಾಖಲಾಗುತ್ತದೆ. ಎರಡು ಕಿಲೋ ಕೋರಿಗೆ ಅಮೆರಿಕನ್ ಟನ್ನಿಗೆ 1.6 ಘನ ಅಡಿ, ಇಷ್ಟೇನಾ ಅನ್ನಿಸಬಹುದು. ಆದರೆ ಅದು ಬರುವುದು ಮೊದಲ ಕೆಲವೇ ನಿಮಿಷಗಳಲ್ಲಿ. ನಾವು ಗೆರೆ ಎಳೆಯುವುದೂ ಅದೇ ಬಿಂದುಗಳ ಮೇಲೆ. ಗೆರೆ ಕಡಿದಾಗುತ್ತದೆ, ಹಿಂದಕ್ಕೆ ಒಯ್ದಾಗ ಕಳೆದ ಗ್ಯಾಸ್ ಉಬ್ಬುತ್ತದೆ. ಮೊದಲ ಬಿಂದುಗಳಲ್ಲಿ ಗೆರೆ ಮುರಿದಂತೆ ಕಂಡರೆ ಇದನ್ನೇ ಅನುಮಾನಿಸಿ. ಖಾಲಿ ಜಾಗಕ್ಕೆ ಉಪ್ಪುನೀರೋ ಹೀಲಿಯಮ್ಮೋ ತುಂಬಿ, ಡಬ್ಬಿಯ ಬಿಸಿ ಸಮಕ್ಕೆ ಬಂದ ಮೇಲಿನ ಬಿಂದುಗಳನ್ನು ಮಾತ್ರ ಬಳಸಿ. ಬಂದ ಗ್ಯಾಸಿನಲ್ಲಿ ಸಾರಜನಕ, ಆಮ್ಲಜನಕ ಎಷ್ಟಿದೆ ಅನ್ನುವ ವಿಶ್ಲೇಷಣೆ ಇಲ್ಲದ ಅಳತೆಯನ್ನು ಒಪ್ಪಬೇಡಿ.

ಈಗ ಸೂತ್ರದ ಕಡೆ. ಅಂಟಿಕೊಂಡ ಗ್ಯಾಸನ್ನು, ಯಾವ ಒತ್ತಡದಲ್ಲಿ ಎಷ್ಟು ಅಂಟುತ್ತದೆ ಅಂತ ತೋರಿಸುವ ಲ್ಯಾಂಗ್‌ಮ್ಯೂರ್ ಕರ್ವ್‌ನಿಂದ ಲೆಕ್ಕ ಹಾಕುತ್ತೇವೆ. ಅದನ್ನು ಒಣ ಪುಡಿಯ ಮೇಲೆ ಅಳೆದಿದ್ದರೆ ಅಂಕಿ ಜಾಸ್ತಿ ಬರುತ್ತದೆ, ತೇವದ ಕಲ್ಲಿನಲ್ಲಿ ನೀರೇ ಜಾಗ ಹಿಡಿದಿರುತ್ತದೆ. ಕೋಣೆಯ ಬಿಸಿಯಲ್ಲಿ ಅಳೆದಿದ್ದರೂ ಜಾಸ್ತಿ, ಬಿಸಿ ಏರಿದಂತೆ ಅಂಟುವುದು ಕಡಿಮೆ. ತೇವ, ಉಷ್ಣಾಂಶ ಎರಡೂ ಆಳದ ಸ್ಥಿತಿಗೆ ಹೊಂದಿವೆಯೇ ನೋಡಿ.

ಆಮೇಲೆ ಎರಡು ಸಲ ಎಣಿಸುವ ತಪ್ಪು. ಅಂಟಿಕೊಂಡ ಗ್ಯಾಸೂ ರಂಧ್ರದ ಒಳಗೇ ಜಾಗ ಹಿಡಿಯುತ್ತದೆ. ಹೀಲಿಯಂನಿಂದ ಅಳೆದ ಪೂರ್ತಿ ರಂಧ್ರವನ್ನು ಸ್ವತಂತ್ರ ಗ್ಯಾಸಿಗೆ ಕೊಟ್ಟು, ಮೇಲಿಂದ ಅಂಟಿದ ಗ್ಯಾಸನ್ನೂ ಕೂಡಿಸಿದರೆ ಒಂದೇ ಸೀಟಿಗೆ ಎರಡು ಟಿಕೆಟ್ ಕೊಟ್ಟ ಹಾಗಾಯಿತು. ಅಂಕಿಯಲ್ಲಿ ನೋಡೋಣ. ರಂಧ್ರತೆ ಶೇ. 5, ನೀರು ಅದರ ಶೇ. 40, ಸಾಂದ್ರತೆ 2.5, ಗ್ಯಾಸ್ ಗಾತ್ರದ ಗುಣಾಂಕ (ಮೇಲೆ ಒಂದು ಘನ ಅಡಿ ಆಗುವ ಗ್ಯಾಸ್ ಆಳದಲ್ಲಿ ಹಿಡಿಯುವ ಜಾಗ) 0.005. ಸ್ವತಂತ್ರ ಗ್ಯಾಸ್ ಟನ್ನಿಗೆ 77 ಘನ ಅಡಿ. ಲ್ಯಾಂಗ್‌ಮ್ಯೂರ್ ಗಾತ್ರ, ಅಂದರೆ ಅಂಟಬಹುದಾದ ಗರಿಷ್ಠ ಗ್ಯಾಸ್, 80, ಅದರ ಅರ್ಧ ಅಂಟುವ ಒತ್ತಡ 1,000 ಪಿಎಸ್‌ಐ, ಆಳದ ಒತ್ತಡ 3,000 ಅಂದರೆ ಅಂಟಿದ ಗ್ಯಾಸ್ 60. ಒಟ್ಟು 137. ಈಗ ಅಂಟಿದ ಮೀಥೇನಿನ ಸಾಂದ್ರತೆ 0.37 ಅಂತ ಹಿಡಿದು ಅದು ಆಕ್ರಮಿಸಿದ ಜಾಗ ಕಳೆಯಿರಿ. ಸ್ವತಂತ್ರ ಗ್ಯಾಸ್ 55ಕ್ಕೆ ಇಳಿಯುತ್ತದೆ, ಒಟ್ಟು 115. ಶೇ. 16 ಗ್ಯಾಸ್ ಬರೀ ಕೂಡುವ ರೀತಿಯಿಂದ ಹುಟ್ಟಿತ್ತು.

ಟನ್ ಯಾವುದು ಅಂತಲೂ ಕೇಳಿ. ಮೇಲಿನ ಲೆಕ್ಕದ ಸೂತ್ರದಲ್ಲಿ 32.04 ಅನ್ನುವ ಗುಣಾಂಕ ಇದೆ. ಅದು 907 ಕಿಲೋದ ಅಮೆರಿಕನ್ ಟನ್ನಿಗೆ. ನಮ್ಮ 1,000 ಕಿಲೋದ ಟನ್ನಿಗಾದರೆ 35.31. ಡಬ್ಬಿಯ ರಿಪೋರ್ಟ್ ನಮ್ಮ ಟನ್ನಿನಲ್ಲಿ, ಸೂತ್ರ ಅವರ ಟನ್ನಿನಲ್ಲಿ ಇದ್ದರೆ ಶೇ. 10 ವ್ಯತ್ಯಾಸ ಅಲ್ಲೇ ಕೂತಿರುತ್ತದೆ. ದೊಡ್ಡ ದೊಡ್ಡ ಕಾರಣ ಹುಡುಕುವ ಮೊದಲು ಇದನ್ನು ನೋಡಿ.

ತಪ್ಪಲ್ಲದ್ದನ್ನು ತಪ್ಪು ಅಂದುಕೊಳ್ಳುವುದೂ ಇದೆ. ಡಬ್ಬಿಯ ಗ್ಯಾಸ್ ಲ್ಯಾಂಗ್‌ಮ್ಯೂರ್ ಕರ್ವ್‌ಗಿಂತ ಮೇಲಿದ್ದರೆ ಕಲ್ಲಿದ್ದಲಿನಿಂದ ಬಂದವರು ಗಾಬರಿಯಾಗುತ್ತಾರೆ. ಶೇಲಿನಲ್ಲಿ ಅದು ಸಹಜ, ಡಬ್ಬಿ ಎರಡೂ ಬಗೆಯ ಗ್ಯಾಸನ್ನು ಎಣಿಸುತ್ತದೆ, ಕರ್ವ್ ಒಂದನ್ನೇ.

ಲಕ್ಷಣ: ಎಲ್ಲ ಅಂಕಿಗಳೂ ಕೂಡಿವೆ, ಆದರೂ ಬಾವಿ ಹರಿಯುತ್ತಿಲ್ಲ

ಈಗ ಕಲ್ಲಿನ ಸರದಿ. ಗ್ಯಾಸ್ ಇರುವುದು ಬೇರೆ, ಬಿಡುವುದು ಬೇರೆ.

ಜೇಡಿ ಎಷ್ಟಿದೆ ನೋಡಿ. ಶೇ. 40 ದಾಟಿದರೆ ಕಲ್ಲು ಒಡೆಯುವ ಬದಲು ಬಾಗುತ್ತದೆ, ಒತ್ತಡದ ನೀರಿನಿಂದ ಒಡೆದ ಬಿರುಕು ಮುಚ್ಚದಿರಲಿ ಅಂತ ತುಂಬಿದ ಮರಳನ್ನೂ ಮೈಯೊಳಗೆ ಇಳಿಸಿಕೊಳ್ಳುತ್ತದೆ. ಕ್ವಾರ್ಟ್ಜನ್ನು ಕ್ವಾರ್ಟ್ಜ್, ಕ್ಯಾಲ್ಸೈಟ್, ಜೇಡಿಗಳ ಮೊತ್ತದಿಂದ ಭಾಗಿಸಿ ಬಿರುಸುತನ ಹೇಳುವ ರೂಢಿ ಇದೆ. ಬಾರ್ನೆಟ್‌ಗೆ ಹೊಂದಿದ್ದು ಅದು. ಸೈಡರೈಟ್ ಆ ಲೆಕ್ಕದಲ್ಲೇ ಇಲ್ಲ, ಆದ್ದರಿಂದ ಐರನ್‌ಸ್ಟೋನ್ ಶೇಲಿಗೆ ಹಚ್ಚಿದರೆ ಅರ್ಧ ಉತ್ತರ. ಶಬ್ದದ ವೇಗ ಅಳೆಯುವ ಸೋನಿಕ್ ಲಾಗಿನಿಂದ ಬಂದ ಯಂಗ್ಸ್ ಮಾಡ್ಯುಲಸ್ (ಕಲ್ಲಿನ ಬಿಗುವಿನ ಅಳತೆ) ಕೂಡ ಕೋರನ್ನು ಒತ್ತಿ ಅಳೆದದ್ದಕ್ಕಿಂತ ಜಾಸ್ತಿಯೇ ಇರುತ್ತದೆ. ತಿದ್ದದೆ ಬಳಸಿದರೆ ಕಲ್ಲು ಇರುವುದಕ್ಕಿಂತ ಬಿರುಸಾಗಿ ಕಾಣುತ್ತದೆ. ಕೋರನ್ನು ಪದರಕ್ಕೆ ಅಡ್ಡವಾಗಿ ಒತ್ತಿದ್ದರೋ ಉದ್ದಕ್ಕೋ ಅನ್ನುವುದನ್ನೂ ಕೇಳಿ, ಶೇಲಿಗೆ ಎರಡು ದಿಕ್ಕಿನಲ್ಲಿ ಎರಡು ಗುಣ.

ಹರಿವಿನ ಅಳತೆ, ಪರ್ಮಿಯಬಿಲಿಟಿ, ನ್ಯಾನೋಡಾರ್ಸಿ ಅನ್ನುವ ಅತಿ ಸಣ್ಣ ಮಾನದಲ್ಲಿ. ಪುಡಿಯ ಮೇಲೆ ಅಳೆದದ್ದಕ್ಕೂ ಕೋರ್ ತುಂಡಿನ ಮೇಲೆ ಅಳೆದದ್ದಕ್ಕೂ ನೂರು ಪಟ್ಟು ವ್ಯತ್ಯಾಸ ಬಂದರೂ ಅಚ್ಚರಿಯಿಲ್ಲ. ತುಂಡಿನಲ್ಲಿ, ಮೇಲೆ ತರುವಾಗ ಒತ್ತಡ ಇಳಿದು ಆದ ಕೂದಲೆಳೆ ಬಿರುಕುಗಳಿರುತ್ತವೆ. ಆಳದಲ್ಲಿ ಅವು ಇರಲಿಲ್ಲ. ಸುತ್ತ ಒತ್ತಡ ಏರಿಸುತ್ತಾ ಹೋದಂತೆ ಅಂಕಿ ಧಡಧಡ ಬಿದ್ದರೆ ಅಳೆದದ್ದು ಬಿರುಕನ್ನು, ಕಲ್ಲನ್ನಲ್ಲ.

ದೊಡ್ಡ ಪ್ರಮಾಣದಲ್ಲಿ ಇದರ ಪಾಠ ಪೋಲೆಂಡ್. 2011ರಲ್ಲಿ ಅಮೆರಿಕದ ಇಂಧನ ಮಾಹಿತಿ ಇಲಾಖೆ ಅಲ್ಲಿ ತೆಗೆಯಬಹುದಾದ ಗ್ಯಾಸ್ 187 ಲಕ್ಷ ಕೋಟಿ ಘನ ಅಡಿ ಅಂದಿತು, ಅಂದರೆ 5.3 ಲಕ್ಷ ಕೋಟಿ ಘನ ಮೀಟರ್. 2012ರ ಮಾರ್ಚಿನಲ್ಲಿ ಪೋಲೆಂಡಿನದೇ ಭೂವಿಜ್ಞಾನ ಸಂಸ್ಥೆ ಹಳೆ ಬಾವಿಗಳ ದತ್ತಾಂಶ ಹಿಡಿದು, ಹೆಚ್ಚು ಸಂಭವನೀಯ ಅಂತ 34,600 ಕೋಟಿಯಿಂದ 76,800 ಕೋಟಿ ಘನ ಮೀಟರ್ ಅಂದಿತು. ಒಟ್ಟು ಸುಮಾರು 70 ಬಾವಿ ಕೊರೆದರು, ಎಕ್ಸಾನ್‌ಮೊಬಿಲ್, ಶೆವ್ರಾನ್ ಎಲ್ಲ ಒಂದೊಂದಾಗಿ ಜಾಗ ಖಾಲಿ ಮಾಡಿದವು. ಜೇಡಿ ಜಾಸ್ತಿ, ಹರಿವು ಕಡಿಮೆ. ಬಾರ್ನೆಟ್‌ನಲ್ಲಿ ಉಲ್ಟಾ ನಡೆಯಿತು. ಮಿಚೆಲ್ ಎನರ್ಜಿ 1981ರಲ್ಲಿ ಅಲ್ಲಿ ಮೊದಲ ಬಾವಿ ಕೊರೆಯಿತು. 1990ರ ದಶಕದ ಕೊನೆಯಲ್ಲಿ ಹೊಸ ಕೋರ್ ತೆಗೆದು ಗ್ಯಾಸ್ ಮತ್ತೆ ಅಳೆದಾಗ ಹಳೆ ಲೆಕ್ಕಕ್ಕಿಂತ ಹಲವು ಪಟ್ಟು ಜಾಸ್ತಿ ಸಿಕ್ಕಿತು. ನಮ್ಮ ದೇಶಕ್ಕೂ ಒಂದು ಅಂದಾಜು 96, ಇನ್ನೊಂದು 6.1 ಲಕ್ಷ ಕೋಟಿ ಘನ ಅಡಿ. ಮೊದಲನೆಯದು ಅಮೆರಿಕದ ಅದೇ ಇಂಧನ ಮಾಹಿತಿ ಇಲಾಖೆಯದು, ನಾಲ್ಕು ಜಲಾನಯನಗಳಿಗೆ. ಎರಡನೆಯದು ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣೆಯದು, ಮೂರು ಜಲಾನಯನಗಳಿಗೆ, ಬೇರೆ ವಿಧಾನದಲ್ಲಿ. ಪತ್ರಿಕೆಯಲ್ಲಿ ಅಕ್ಕಪಕ್ಕ ಅಚ್ಚಾದ ಮಾತ್ರಕ್ಕೆ ಹೋಲಿಸುವಂಥವಲ್ಲ.

ಸ್ಯಾಂಪಲ್ ಸ್ವಲ್ಪವೇ ಉಳಿದಿದ್ದರೆ

ಮರುಪರೀಕ್ಷೆಗೆ ಕೋರ್ ಯಾವಾಗಲೂ ಸಾಲುವುದಿಲ್ಲ. ಒಂದೇ ತುಂಡನ್ನು ಹಂಚಿಕೊಳ್ಳಿ: ಮೊದಲು ಎಕ್ಸ್‌ಆರ್‌ಡಿ, ಅದೇ ಪುಡಿಯಲ್ಲಿ ಬಿಸಿ ಆಮ್ಲದ ಟಿಒಸಿ, ಅದೇ ಪುಡಿಯಲ್ಲಿ ರಾಕ್-ಇವಾಲ್. ಟಿಒಸಿ ಒಂದು ಕಡೆಯಿಂದ, ಖನಿಜ ಇನ್ನೊಂದು ಕಡೆಯಿಂದ ತೆಗೆದರೆ ಐರನ್‌ಸ್ಟೋನ್ ಪಟ್ಟೆ ಇರುವ ಶೇಲಿನಲ್ಲಿ ಒಂದು ಬೆರಳಿನ ಅಂತರವೂ ಉತ್ತರ ಬದಲಿಸುತ್ತದೆ. ಮಿಕ್ಕಿದ್ದು ಗಾಳಿಗೆ ಒಡ್ಡದೆ ಇಟ್ಟಿದ್ದರೆ ಮಾತ್ರ ರಂಧ್ರತೆ, ನೀರಿನ ಪ್ರಮಾಣಕ್ಕೆ ಕಳಿಸಿ. ಗೋದಾಮಿನಲ್ಲಿ ಪೆಟ್ಟಿಗೆ ತೆರೆದು ವರ್ಷಗಟ್ಟಲೆ ಒಣಗಿದ ಕೋರಿನಿಂದ ನೀರಿನ ಅಂಕಿ ತರಿಸುವುದು ದುಡ್ಡು ದಂಡ. ಲ್ಯಾಂಗ್‌ಮ್ಯೂರ್ ಕರ್ವ್ ಕೊನೆಗಿರಲಿ, ಅದಕ್ಕೆ ಪುಡಿ ಜಾಸ್ತಿ ಬೇಕು, ಖರ್ಚೂ ಜಾಸ್ತಿ. ಟಿಒಸಿ ಸರಿಯಾಗುವ ತನಕ ಅದನ್ನು ಯಾವ ಆಳಕ್ಕೆ ಹಚ್ಚಬೇಕು ಅನ್ನುವುದೇ ತೀರ್ಮಾನವಾಗಿರುವುದಿಲ್ಲ.